ಇಂಜಿನ್ ಆಯಿಲ್ ಎಷ್ಟು ದಿನ ಓಡಿಸಬಹುದು?

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು 1979ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು. ಸಾರಿಗೆ ಸಂಸ್ಥೆಯೊಂದರ ಕಾರ್ಯಾಗಾರದಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು.)



ನನಗಿಂತ ಮೊದಲು ಮಾತಾಡಿದವರಲ್ಲಿ ಡಾಕ್ಟರು, ಪ್ರೊಫೆಸರು, ತಹಸೀಲ್ದಾರರು ಇದ್ದರು. ನಾನು ಐಟಿಐ ಓದಿ, ಮೈಗೆಲ್ಲ ಗ್ರೀಸ್ ಮೆತ್ತಿಕೊಂಡು ಮುವತ್ತೊಂಬತ್ತು ವರ್ಷ ಬಸ್ಸಿನ ಅಡಿ ಮಲಗಿದವನು. ಸಮಿತಿಯವರು ಬಂದು, ನಿಮಗೆ ಗೊತ್ತಿರುವ ವಿಷಯವನ್ನೇ ಮಾತಾಡಿ ಎಂದರು. ನನಗೆ ಗೊತ್ತಿರುವುದು ಎಣ್ಣೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆ ಎಣ್ಣೆ ಅಲ್ಲಪ್ಪ, ಇಂಜಿನ್ನಿಗೆ ಹಾಕುವ ಎಣ್ಣೆ.

ನನ್ನ ವಯಸ್ಸಿನವರಿಗೆ ಕೀಲೆಣ್ಣೆ ನೆನಪಿರಬೇಕು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಅಡಿ ನೇತುಹಾಕುತ್ತಿದ್ದರು. ಸಂತೆಗೆ ಹೊರಡುವ ಮುನ್ನ ಕಡಾಣಿ ತೆಗೆದು, ಚಕ್ರವನ್ನು ಸ್ವಲ್ಪ ಹೊರಗೆ ಸರಿಸಿ, ಅಚ್ಚಿಗೆ ಬಳಿಯುತ್ತಿದ್ದರು. ಎಷ್ಟು ಹರದಾರಿಗೊಮ್ಮೆ ಬಳಿಯಬೇಕು ಎಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಬೇಕಾಗಿರಲಿಲ್ಲ. ಎಣ್ಣೆ ಒಣಗಿದರೆ ಚಕ್ರವೇ ಕಿರೋ ಎಂದು ಕೂಗುತ್ತಿತ್ತು, ಎರಡು ಹೊಲದ ಆಚೆಗೂ ಕೇಳುತ್ತಿತ್ತು. ಇಂಜಿನ್ ಹಾಗಲ್ಲ. ಒಳಗಿನ ಎಣ್ಣೆ ಕೆಟ್ಟು ತಿಂಗಳಾದರೂ ಅದು ಎಂದಿನಂತೆ ಸ್ಟಾರ್ಟ್ ಆಗುತ್ತದೆ, ಎಂದಿನಂತೆ ಎಳೆಯುತ್ತದೆ. ಅದು ಸದ್ದು ಮಾಡಲು ಶುರುಮಾಡುವ ಹೊತ್ತಿಗೆ ನಮ್ಮ ಕೈಯಲ್ಲಿ ಮಾಡುವುದು ಏನೂ ಉಳಿದಿರುವುದಿಲ್ಲ.

ನಾನು ಇಲ್ಲಿ ಓದುವಾಗ ನಮ್ಮೂರಲ್ಲಿ ಇದ್ದದ್ದು ಒಂದು ಟ್ರ್ಯಾಕ್ಟರು, ಒಂದು ರಾಜದೂತ್ ಬೈಕು. ಇವತ್ತು ಶಾಲೆಯ ಕಾಂಪೌಂಡಿನ ಹೊರಗೆ ನಿಂತಿರುವ ಗಾಡಿಗಳನ್ನು ಬರುವಾಗ ಎಣಿಸಲು ಹೋದೆ, ನೂರು ದಾಟಿದ ಮೇಲೆ ಬಿಟ್ಟೆ. ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ. ಮದುವೆಗೆ ಹೋದರೂ ಅದೇ, ತಿಥಿಗೆ ಹೋದರೂ ಅದೇ. "ಆಯಿಲ್ ಬದಲಾಯಿಸೋಕೆ ಬಂದಿದೆ, ಇನ್ನೊಂದಷ್ಟು ದಿನ ತಳ್ಳಬಹುದಾ?" ಈ ಪ್ರಶ್ನೆಗೆ ನಾನು ಒಂದು ಸಲ ತಪ್ಪು ಉತ್ತರ ಕೊಟ್ಟಿದ್ದೇನೆ. ಅದನ್ನು ಹೇಳುವುದಕ್ಕೇ ಈ ಮೈಕಿನ ಮುಂದೆ ನಿಂತಿದ್ದು. ಉತ್ತರ ಪಡೆದವರು ನಮ್ಮ ದೊಡ್ಡಪ್ಪನ ಮಗ, ನನ್ನ ಅಣ್ಣ. ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅವರನ್ನು ಕೇಳಿಕೊಂಡೇ ಹೇಳುತ್ತಿದ್ದೇನೆ.

1996ನೇ ಇಸವಿ. ಅಣ್ಣ ಬ್ಯಾಂಕಿನಲ್ಲಿ ಸಾಲ ಮಾಡಿ ಒಂದು ಹಳೇ ಟ್ರ್ಯಾಕ್ಟರು ತಂದಿದ್ದರು. ಸ್ವಂತ ಹೊಲ ನಾಲ್ಕು ಎಕರೆ, ಉಳಿದದ್ದೆಲ್ಲ ಬಾಡಿಗೆ ಕೆಲಸ. ಹದಿನೈದು ಮನೆಯವರ ಉಳುಮೆ ಅದರ ಮೇಲೆ ನಿಂತಿತ್ತು. ಆಗ ನಮ್ಮ ಕಾರ್ಯಾಗಾರದಲ್ಲಿ ಒಂದು ದೊಡ್ಡ ಕೆಲಸ ನಡೆದಿತ್ತು. ಬಸ್ಸುಗಳಿಗೆ 9,000 ಕಿಲೋಮೀಟರಿಗೆ ಬದಲಿಸುತ್ತಿದ್ದ ಇಂಜಿನ್ ಆಯಿಲನ್ನು, ಮೇಲಿನ ದರ್ಜೆಯ ಎಣ್ಣೆ ಹಾಕಿ, 18,000ಕ್ಕೆ ಒಯ್ದಿದ್ದೆವು. ಲೆಕ್ಕ ನೋಡಿ. ಒಂದು ಬಸ್ಸು ದಿನಕ್ಕೆ 300 ಕಿಲೋಮೀಟರಿನಂತೆ ವರ್ಷಕ್ಕೆ 1,08,000 ಓಡುತ್ತದೆ. ಹಳೆಯ ಲೆಕ್ಕದಲ್ಲಿ 12 ಸಲ ಬದಲಾವಣೆ, ಹೊಸ ಲೆಕ್ಕದಲ್ಲಿ 6 ಸಲ. ಒಂದು ಸಲಕ್ಕೆ 14 ಲೀಟರು ಎಂದರೆ ಬಸ್ಸಿಗೆ 84 ಲೀಟರು ಉಳಿಯಿತು. 300 ಬಸ್ಸಿಗೆ 25,200 ಲೀಟರು. ಆ ಕೆಲಸದಲ್ಲಿ ನನ್ನ ಕೈಯೂ ಇತ್ತು. ಊರಿಗೆ ಬಂದಾಗ ಎದೆ ಉಬ್ಬಿಸಿಕೊಂಡೇ ಓಡಾಡಿದೆ.

ಅಣ್ಣ ಕೇಳಿದರು, "250 ಗಂಟೆ ಆಗ್ತಾ ಬಂತು ಕಣೋ, ಆಯಿಲ್ ಬದಲಾಯಿಸಬೇಕಾ?" ನಾನು ಅಂದೆ, "250 ಎಲ್ಲ ಹಳೇ ಕಾಲದ ಲೆಕ್ಕ ಅಣ್ಣಾ. ನಾವು ಬಸ್ಸಿಗೆ ಡಬ್ಬಲ್ ಮಾಡಿದೀವಿ. ನೀನು 400 ಗಂಟೆ ಓಡಿಸು, ಏನೂ ಆಗಲ್ಲ." ಅವರು ಅಂದರು, "ನೀನು ಹೇಳಿದ ಮೇಲೆ ಸರಿ ಬಿಡು."

ಆ ವರ್ಷ ಸುಗ್ಗಿಯಲ್ಲಿ ಆ ಟ್ರ್ಯಾಕ್ಟರು ರಾಗಿ ಒಕ್ಕಣೆ ಯಂತ್ರ ತಿರುಗಿಸಿತು. ನಿಂತ ಜಾಗದಲ್ಲೇ ನಿಂತು, ಹೊಟ್ಟಿನ ಧೂಳಿನ ಮಧ್ಯೆ, ದಿನಕ್ಕೆ ಹತ್ತು ಗಂಟೆ. ಆಮೇಲೆ ಬೇಸಿಗೆಯಲ್ಲಿ ಕೆರೆಗೋಡು ಹೊಡೆಯಿತು. ಮಳೆ ಬಿದ್ದ ಮೇಲೆ ಉಳುಮೆಗೆ ಇಳಿಯಿತು. ಕಡಲೆಕಾಯಿ ಬಿತ್ತನೆಗೆ ಹದ ಬಂದ ವಾರ, ನಮ್ಮೂರಿನ ಕೆಳಗಿನ ಹೊಲದಲ್ಲಿ, ಇಂಜಿನ್ ಠಣ್ ಎಂದು ನಿಂತುಹೋಯಿತು. ಕೈಯಲ್ಲಿ ಫ್ಯಾನ್ ತಿರುಗಿಸಲು ನೋಡಿದರೆ ಮಿಸುಕಲಿಲ್ಲ. ಸೀಜ್ ಆಗಿತ್ತು.

ಸುದ್ದಿ ತಿಳಿದು ನಾನು ರಜೆ ಹಾಕಿ ಬಂದೆ. ಚೇಂಬರ್ ಬಿಚ್ಚಿದಾಗ ಎಣ್ಣೆ ಸುರಿಯಲಿಲ್ಲ, ಹುಣಸೆಹುಳಿಯ ಗೊಜ್ಜಿನ ಹಾಗೆ ಜಾರಿತು. ಎಣ್ಣೆ ಹೀರುವ ಜಾಲರಿಗೆ ಅದೇ ಗೊಜ್ಜು ಮೆತ್ತಿತ್ತು. ಬೇರಿಂಗ್ ಚಿಪ್ಪು ಜಾಗ ಬಿಟ್ಟು ತಿರುಗಿ ಕ್ರ್ಯಾಂಕನ್ನು ತಿಂದುಹಾಕಿತ್ತು. ಕ್ರ್ಯಾಂಕ್ ಗ್ರೈಂಡಿಂಗಿಗೆ ಪಟ್ಟಣಕ್ಕೆ ಹೋಯಿತು, ಹೊಸ ಬೇರಿಂಗು, ಲೈನರು, ಪಿಸ್ಟನ್ನು, ರಿಂಗು. ಎಲ್ಲ ಮುಗಿಯುವಾಗ 26 ದಿನ. ಹದ ಹೋಗಿತ್ತು. ಅಣ್ಣ ಎರಡು ಸೀಮೆಹಸು ಮಾರಿದರು. ಬಾಡಿಗೆಗೆ ಕಾದಿದ್ದವರಲ್ಲಿ ಕೆಲವರಿಗೆ ಬೇರೆ ಟ್ರ್ಯಾಕ್ಟರು ಸಿಕ್ಕಿತು, ಸಿಗದವರ ಹೊಲ ಆ ವರ್ಷ ಬೀಳು ಬಿತ್ತು. ಅಣ್ಣ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅತ್ತಿಗೆ ಊಟಕ್ಕೆ ಬಡಿಸುವಾಗ, "ಮಜ್ಜಿಗೆ ಇಲ್ಲ ಮೈದುನಾ, ಹಸು ಕೊಟ್ಟುಬಿಟ್ಟೆವಲ್ಲ" ಅಂದರು, ಅಷ್ಟೇ.

ಆ ಮೇಲೆ ಎಷ್ಟೋ ವರ್ಷ ಯೋಚಿಸಿದ್ದೇನೆ. ಬಸ್ಸಿಗೆ ಸರಿಯಾದದ್ದು ಟ್ರ್ಯಾಕ್ಟರಿಗೆ ಯಾಕೆ ತಪ್ಪಾಯಿತು? 18,000 ಎನ್ನುವ ಅಂಕಿಯನ್ನು ನಾನು ಕಾರ್ಯಾಗಾರದಿಂದ ತಂದೆ. ಆ ಅಂಕಿಯ ಹಿಂದೆ ಇದ್ದದ್ದನ್ನು ಅಲ್ಲೇ ಬಿಟ್ಟು ಬಂದಿದ್ದೆ. ನಾವು ಮೊದಲು ಹತ್ತೇ ಬಸ್ಸುಗಳಲ್ಲಿ ಶುರುಮಾಡಿದ್ದು. ಪ್ರತಿ 3,000 ಕಿಲೋಮೀಟರಿಗೆ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸುತ್ತಿದ್ದೆವು. ವರದಿ ಸರಿಯಿದ್ದರೆ ಮುಂದೆ, ಇಲ್ಲದಿದ್ದರೆ ಅಲ್ಲೇ ಬದಲಾವಣೆ. ಹೀಗೆ ಒಂದೂವರೆ ವರ್ಷ ನಡೆದ ಮೇಲೆ ಉಳಿದ ಬಸ್ಸುಗಳಿಗೆ ಹಬ್ಬಿಸಿದ್ದು. ಅಣ್ಣನ ಟ್ರ್ಯಾಕ್ಟರಿಗೆ ಲ್ಯಾಬು ಎಲ್ಲಿತ್ತು? ಅವರ್ ಮೀಟರೇ ಕೆಟ್ಟಿತ್ತು, 400 ಗಂಟೆ ಎಂದದ್ದು ಬಾಯಿಲೆಕ್ಕ. ಎಣ್ಣೆ ಅಂಗಡಿಯ ಬ್ಯಾರಲ್ಲಿನಿಂದ ಅಳೆದು ತಂದ ಲೂಸ್ ಆಯಿಲು. ಆಯಿಲ್ ಪ್ರೆಷರ್ ಮುಳ್ಳು ಅಲ್ಲಾಡುತ್ತಲೇ ಇರಲಿಲ್ಲ. ಏರ್ ಕ್ಲೀನರಿನ ಬಟ್ಟಲಲ್ಲಿ ಅರ್ಧ ಎಣ್ಣೆ, ಅರ್ಧ ಕೆಸರು. ಇವುಗಳಲ್ಲಿ ಒಂದನ್ನೂ ನಾನು ಬಗ್ಗಿ ನೋಡಿರಲಿಲ್ಲ, ಜಗಲಿ ಮೇಲೆ ಕೂತೇ ಹೇಳಿದ್ದೆ.

ಎಣ್ಣೆಯ ಒಳಗೆ ಏನಾಗುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಕ್ಕಳೂ ಇದ್ದಾರೆ, ಇದು ಅವರ ಪಾಠದಲ್ಲೇ ಬರುತ್ತದೆ.

ಎಣ್ಣೆ ಸವೆದುಹೋಗುವ ವಸ್ತು ಅಲ್ಲ. ಅದರಲ್ಲಿ ಬೆರೆಸಿದ ಮಸಾಲೆ ತೀರುತ್ತದೆ, ಹೊರಗಿನ ಕೊಳೆ ಸೇರುತ್ತದೆ. ಮುಖ್ಯವಾಗಿ ಈ ಎರಡು ಕಾರಣಕ್ಕೆ ಬದಲಿಸುತ್ತೇವೆ. ಡೀಸೆಲ್ಲಿನಲ್ಲಿ ಗಂಧಕ ಇರುತ್ತದೆ. ಅದು ಉರಿದು, ಜೊತೆಗೆ ಹುಟ್ಟುವ ನೀರಿನ ಹಬೆಯೊಂದಿಗೆ ಸೇರಿ ಆಮ್ಲವಾಗುತ್ತದೆ, ಬೇರಿಂಗನ್ನು ಕೊರೆಯುತ್ತದೆ. ಅದನ್ನು ತಡೆಯಲು ಎಣ್ಣೆಯಲ್ಲಿ ಮೊದಲೇ ಪ್ರತ್ಯಾಮ್ಲ ಬೆರೆಸಿರುತ್ತಾರೆ. ನಮ್ಮ ವಿಜ್ಞಾನದ ಮೇಷ್ಟ್ರು ಲಿಟ್ಮಸ್ ಕಾಗದ ಅದ್ದಿ ಕೆಂಪು, ನೀಲಿ ತೋರಿಸಿದರಲ್ಲ, ಅದೇ ತಟಸ್ಥೀಕರಣ ಇಂಜಿನ್ನಿನ ಹೊಟ್ಟೆಯಲ್ಲಿ ಹಗಲೂ ರಾತ್ರಿ ನಡೆಯುತ್ತಿರುತ್ತದೆ. ಆ ಪ್ರತ್ಯಾಮ್ಲದ ದಾಸ್ತಾನಿಗೆ ಲ್ಯಾಬಿನಲ್ಲಿ ಟಿಬಿಎನ್ ಎನ್ನುತ್ತಾರೆ. ಹೊಸ ಡೀಸೆಲ್ ಇಂಜಿನ್ ಆಯಿಲಿನಲ್ಲಿ ಅದು ಸುಮಾರು 10 ಇದ್ದರೆ, 5ಕ್ಕೆ ಇಳಿಯುವ ಹೊತ್ತಿಗೆ ಬದಲಿಸಬೇಕು ಎನ್ನುವುದು ನಮ್ಮ ಕಾರ್ಯಾಗಾರದ ವಾಡಿಕೆ.

ಈಗ ಕಂಪನಿಗಳೇ ಮೊದಲಿಗಿಂತ ಹೆಚ್ಚು ಕಿಲೋಮೀಟರು ಹೇಳುತ್ತವೆ, ಇದಕ್ಕೆ ಇದೂ ಒಂದು ಕಾರಣ. ಬಿಎಸ್-3 ಡೀಸೆಲ್ಲಿನಲ್ಲಿ ಹತ್ತು ಲಕ್ಷ ಭಾಗಕ್ಕೆ 350 ಭಾಗ ಗಂಧಕ ಇರಬಹುದಿತ್ತು. ಬಿಎಸ್-4ರಲ್ಲಿ 50. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಂದ ಬಿಎಸ್-6ರಲ್ಲಿ ಬರೀ 10. ಗಂಧಕ ಕಡಿಮೆಯಾದರೆ ಆಮ್ಲ ಕಡಿಮೆ, ಎಣ್ಣೆಯ ಬಾಳಿಕೆ ಹೆಚ್ಚು. ಎಣ್ಣೆಯೂ ಸುಧಾರಿಸಿದೆ. ಹಾಗಾಗಿ ಹೊಸ ಕಾರಿಗೆ 10,000 ಕಿಲೋಮೀಟರು ಅಥವಾ ಒಂದು ವರ್ಷ ಎಂದು ಪುಸ್ತಕದಲ್ಲಿ ಬರೆದಿದ್ದರೆ ಅದನ್ನು ನಂಬಿ. ನಮ್ಮ ನೆಂಟರೊಬ್ಬರು ಮೇಷ್ಟ್ರು, ಹಳೇ ಅಂಬಾಸಿಡರ್ ಅಭ್ಯಾಸದಲ್ಲಿ ಹೊಸ ಕಾರಿಗೂ 3,000 ಕಿಲೋಮೀಟರಿಗೆ ಎಣ್ಣೆ ಬದಲಿಸುತ್ತಾರೆ. ಅದರಿಂದ ಇಂಜಿನ್ನಿಗೆ ತೊಂದರೆ ಇಲ್ಲ. ಲಾಭವೂ ಇಲ್ಲ, ಚೆನ್ನಾಗಿರುವ ಎಣ್ಣೆಯನ್ನು ದುಡ್ಡು ಕೊಟ್ಟು ಚೆಲ್ಲಿದಂತೆ.

ಕೊಳೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಸೀಮೆಗೆ ಇದೇ ಮುಖ್ಯ. ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಎಣ್ಣೆಯ ಒಂದು ಪೊರೆ ಇರುತ್ತದೆ. ಲೋಹಕ್ಕೆ ಲೋಹ ತಾಗದೆ ತೇಲುವುದು ಅದರ ಮೇಲೆ. ಆ ಪೊರೆ ನಮ್ಮ ತಲೆಗೂದಲಿಗಿಂತ ಎಷ್ಟೋ ಪಾಲು ತೆಳು. ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಿನ ಕಣವೂ ಅಲ್ಲಿ ಉಪ್ಪುಕಾಗದದ ಕೆಲಸ ಮಾಡುತ್ತದೆ. ಧೂಳು ಒಳಗೆ ಬರುವ ದೊಡ್ಡ ಬಾಗಿಲು ಏರ್ ಕ್ಲೀನರ್. ಹಳೆಯ ಟ್ರ್ಯಾಕ್ಟರುಗಳಲ್ಲಿ ಕೆಳಗೆ ಎಣ್ಣೆಯ ಬಟ್ಟಲಿರುತ್ತದೆ, ಗಾಳಿ ಅದರ ಮೇಲೆ ಹಾದು ಧೂಳನ್ನು ಬಿಟ್ಟು ಹೋಗುತ್ತದೆ. ಒಕ್ಕಣೆಯ ದಿನಗಳಲ್ಲಿ ಅದನ್ನು ದಿನಾ ಬಿಚ್ಚಿ ನೋಡಬೇಕು. ಅಣ್ಣನ ಟ್ರ್ಯಾಕ್ಟರಿನ ಇಂಜಿನ್ನನ್ನು ಮೊದಲು ಕೊಂದದ್ದು ಹಳೆಯ ಎಣ್ಣೆಯಲ್ಲ, ಆ ಬಟ್ಟಲಿನ ಕೆಸರು. ಧೂಳು ಒಳಹೊಕ್ಕು ರಿಂಗು, ಲೈನರು ಸವೆದವು. ಸವೆದ ರಿಂಗಿನ ಸಂದಿಯಲ್ಲಿ ಹೊಗೆ ಕೆಳಗಿಳಿದು ಎಣ್ಣೆಗೆ ಮಸಿ ತುಂಬಿತು. ಮಸಿಯಿಂದ ಆಯಿಲ್ ಫಿಲ್ಟರ್ ಕಟ್ಟಿಕೊಂಡಿತು. ಫಿಲ್ಟರ್ ಕಟ್ಟಿದರೆ ಇಂಜಿನ್ ಒಣಗಬಾರದು ಎಂದು ಒಂದು ಬೈಪಾಸ್ ವಾಲ್ವ್ ಇಟ್ಟಿರುತ್ತಾರೆ, ಅದು ತೆರೆದು ಸೋಸದ ಎಣ್ಣೆಯನ್ನೇ ಬೇರಿಂಗಿಗೆ ಕಳಿಸಿತು. ಕೊನೆಗೆ ಜಾಲರಿಯೂ ಮುಚ್ಚಿತು. ಒಂದರ ಹಿಂದೆ ಒಂದು. 250 ಗಂಟೆಗೆ ಬದಲಿಸಿದ್ದರೆ ಈ ಸರಪಳಿ ಎಲ್ಲೋ ಒಂದು ಕಡೆ ಕಡಿಯುತ್ತಿತ್ತು.

ಎಣ್ಣೆ ಕಪ್ಪಾಗಿದೆ, ಕೆಟ್ಟಿದೆ ಎಂದು ತುಂಬ ಜನ ಹೇಳುತ್ತಾರೆ. ಡೀಸೆಲ್ ಇಂಜಿನ್ನಿನಲ್ಲಿ ಹೊಸ ಎಣ್ಣೆ ಹಾಕಿ ಎರಡು ದಿನದಲ್ಲಿ ಕಪ್ಪಾಗುತ್ತದೆ. ಅದು ಮಸಿಯನ್ನು ತೊಳೆದು ತನ್ನಲ್ಲಿ ತೇಲಿಸಿಕೊಳ್ಳುತ್ತಿದೆ ಎಂದರ್ಥ, ಬಟ್ಟೆ ಒಗೆದ ನೀರು ಕೊಳೆಯಾದ ಹಾಗೆ. ಬಣ್ಣಕ್ಕೆ ಹೆದರಬೇಡಿ. ಹೆದರಬೇಕಾದವು ಬೇರೆ. ಗೇಜಿನ ಕಡ್ಡಿಯಲ್ಲಿ ಎಣ್ಣೆ ಕಾಫಿಗೆ ಹಾಲು ಬೆರೆಸಿದ ಹಾಗೆ ಕಂಡರೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ನೋಡಿಸಿ. ಮಟ್ಟ ಇಳಿಯುವ ಬದಲು ಏರಿದ್ದರೆ ಖುಷಿಪಡಬೇಡಿ, ಡೀಸೆಲ್ ಇಳಿದು ಬೆರೆಯುತ್ತಿರಬಹುದು. ಎಣ್ಣೆ ತೆಳುವಾಗಿ ಪೊರೆ ಹರಿಯುತ್ತದೆ. ಬೆರಳಿಗೆ ಮರಳು ಮರಳಾಗಿ ಹತ್ತಿದರೆ ಗಾಡಿ ಎಲ್ಲಿದೆಯೋ ಅಲ್ಲೇ ನಿಲ್ಲಿಸಿ.

ಬೈಕಿನವರಿಗೆ ಎರಡು ಮಾತು. ರಾಜದೂತ್, ಯೆಜ್ಡಿ, ಟಿವಿಎಸ್-50 ಕಾಲದಲ್ಲಿ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸುತ್ತಿದ್ದೆವು. ಅದು ಉರಿದು ಹೋಗುತ್ತಿತ್ತು, ಇಂಜಿನ್ ಆಯಿಲ್ ಬದಲಿಸುವ ಮಾತೇ ಇರಲಿಲ್ಲ, ಗೇರ್ ಆಯಿಲ್ ಮಾತ್ರ. 1985ರಲ್ಲಿ ಹೀರೋ ಹೋಂಡಾ ಸಿಡಿ-100 ಬಂದ ಮೇಲೆ ಫೋರ್ ಸ್ಟ್ರೋಕ್ ಗಾಡಿಗಳು ಹಳ್ಳಿಗೆ ಇಳಿದವು, ನಮ್ಮ ಅಭ್ಯಾಸ ಮಾತ್ರ ಹಳೆಯದೇ ಉಳಿಯಿತು. ಈ 100 ಸಿಸಿ ಗಾಡಿಗಳಲ್ಲಿ ಇರುವುದು ಸುಮಾರು ಒಂದು ಲೀಟರು ಎಣ್ಣೆ. ಅಷ್ಟರಲ್ಲೇ ಪಿಸ್ಟನ್ನು, ಗೇರು, ಕ್ಲಚ್ಚು ಎಲ್ಲ ಬದುಕಬೇಕು. 14 ಲೀಟರಿನ ಬಸ್ಸಿನಲ್ಲಿ ಅರ್ಧ ಲೀಟರು ಕಡಿಮೆಯಾದರೆ ಗೊತ್ತೇ ಆಗುವುದಿಲ್ಲ, ಬೈಕಿನಲ್ಲಿ ಅರ್ಧ ಲೀಟರು ಹೋದರೆ ಅರ್ಧ ಪ್ರಾಣ ಹೋದಂತೆ. ಬೈಕಿಗೆ ಕಾರಿನ ಎಣ್ಣೆ ಹಾಕಬೇಡಿ, ಕ್ಲಚ್ ಜಾರಬಹುದು. ಡಬ್ಬದ ಮೇಲೆ ಜಾಸೋ ಎಂಎ ಎಂದಿದೆಯೇ ನೋಡಿ. ಸ್ಕೂಟರಿನದು ಬೇರೆ, ಅದಕ್ಕೆ ಜಾಸೋ ಎಂಬಿ.

ಇನ್ನೊಂದು. ಡೇರಿಗೆ ಹಾಲು ಹಾಕಿ ಬರುವ ಬೈಕು ಬೆಳಿಗ್ಗೆ ಒಂದು ಕಿಲೋಮೀಟರು, ಸಂಜೆ ಒಂದು ಕಿಲೋಮೀಟರು ಓಡುತ್ತದೆ. ವರ್ಷವೆಲ್ಲ ಸೇರಿ ಸಾವಿರ ಕಿಲೋಮೀಟರೂ ಆಗುವುದಿಲ್ಲ. ಮೀಟರು ನೋಡಿ ಇನ್ನೂ ಟೈಮಿದೆ ಎನ್ನುತ್ತೀರಿ. ಆದರೆ ಇಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆರಿಸುತ್ತೀರಿ. ಒಳಗಿನ ನೀರಿನ ಹಬೆ, ಉರಿಯದ ಪೆಟ್ರೋಲು ಆವಿಯಾಗದೆ ಎಣ್ಣೆಗೇ ಇಳಿಯುತ್ತವೆ. ಹೈವೇಯಲ್ಲಿ ಒಂದೇ ಸಮ ಓಡುವ ಗಾಡಿಯ ಎಣ್ಣೆಗಿಂತ ಇದರ ಎಣ್ಣೆ ಬೇಗ ಕೆಡುತ್ತದೆ. ಅದಕ್ಕೇ ಪುಸ್ತಕದಲ್ಲಿ ಕಿಲೋಮೀಟರಿನ ಪಕ್ಕ ತಿಂಗಳನ್ನೂ ಬರೆದಿರುವುದು. ನಿಂತಲ್ಲೇ ಓಡುವ ಇಂಜಿನ್ನಿಗೂ ಮೀಟರು ಸುಳ್ಳು ಹೇಳುತ್ತದೆ. ಒಂದು ಗಂಟೆ ಐಡಲ್ ಓಡಿದರೆ ಸುಮಾರು 40 ಕಿಲೋಮೀಟರು ಓಡಿದಂತೆ ಎಂದು ನಾವು ಲೆಕ್ಕ ಹಾಕುತ್ತಿದ್ದೆವು. ನೀರಿನ ಟ್ಯಾಂಕರಿನವರು ಇದನ್ನು ನೆನಪಿಡಿ.

ಹಾಗಾದರೆ ತಳ್ಳಲೇಬಾರದೇ? ತಳ್ಳಬಹುದು. ಆದರೆ ಮೊದಲು ಏನು ಉಳಿಯುತ್ತದೆ ಎಂದು ಲೆಕ್ಕ ಹಾಕಿ. ವರ್ಷಕ್ಕೆ 500 ಗಂಟೆ ಓಡುವ ಟ್ರ್ಯಾಕ್ಟರು. ಎಣ್ಣೆ, ಫಿಲ್ಟರು ಸೇರಿ ಒಂದು ಬದಲಾವಣೆಗೆ 3,000 ರೂಪಾಯಿ ಎಂದಿಟ್ಟುಕೊಳ್ಳಿ. ಮೂರು ವರ್ಷಕ್ಕೆ 1,500 ಗಂಟೆ. 250ಕ್ಕೆ ಬದಲಿಸಿದರೆ 6 ಸಲ, 300ಕ್ಕೆ ಬದಲಿಸಿದರೆ 5 ಸಲ. ಮೂರು ವರ್ಷಕ್ಕೆ ಒಂದು ಬದಲಾವಣೆ ಉಳಿಯಿತು, ಅಂದರೆ ವರ್ಷಕ್ಕೆ 1,000 ರೂಪಾಯಿ. ಇಂಜಿನ್ ಬೋರಿಗೆ ಬಂದರೆ 60,000 ಎನ್ನಿ. ಅರವತ್ತು ವರ್ಷದ ಉಳಿತಾಯ ಒಂದೇ ದಿನದಲ್ಲಿ ಹೋಯಿತು. ನಮ್ಮ ಗಣಿತದ ಮೇಷ್ಟ್ರು ಇದ್ದಿದ್ದರೆ, ಈ ವ್ಯಾಪಾರ ಮಾಡುವವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. 300 ಬಸ್ಸಿನವನಿಗೆ ಲಾಭ ದೊಡ್ಡದು, ಅವನಿಗೆ ಲ್ಯಾಬಿನ ಖರ್ಚು ದಕ್ಕುತ್ತದೆ. ಒಂದು ಟ್ರ್ಯಾಕ್ಟರಿನವನಿಗೆ ಲಾಭ ಸಣ್ಣದು, ಹೋದರೆ ಹೋಗುವುದು ಇಡೀ ವರ್ಷದ ಬೆಳೆ.

ಇಷ್ಟು ಹೇಳಿದ ಮೇಲೂ ಮಾಡುತ್ತೇನೆ ಎನ್ನುವವರು, ಅಥವಾ ಮೂರು ನಾಲ್ಕು ಲಾರಿ, ಜೆಸಿಬಿ ಇಟ್ಟುಕೊಂಡು ಬಾಡಿಗೆ ನಡೆಸುವವರು, ಹೀಗೆ ಮಾಡಿ. ವಾರಂಟಿ ಮುಗಿಯುವವರೆಗೆ ಪುಸ್ತಕದ ಅಂಕಿ ದಾಟಬೇಡಿ. ಪುಸ್ತಕದಲ್ಲಿ ಧೂಳು, ಭಾರ, ಇಕ್ಕಟ್ಟಿನ ಓಡಾಟಕ್ಕೆ ಬೇರೆ ಅಂಕಿ ಕೊಟ್ಟಿದ್ದರೆ ನಿಮ್ಮದು ಅದೇ, ಮುಂದಿನ ಪುಟದ ದೊಡ್ಡ ಅಂಕಿ ಅಲ್ಲ. ಹೇಳಿದ ದರ್ಜೆಯ, ಅಥವಾ ಕಂಪನಿ ಒಪ್ಪಿದ ಅದಕ್ಕಿಂತ ಮೇಲಿನ ದರ್ಜೆಯ ಎಣ್ಣೆ, ಸೀಲ್ ಇರುವ ಡಬ್ಬದ್ದು. ಡಬ್ಬದ ಮೇಲೆ 15ಡಬ್ಲ್ಯು-40 ಎಂದಿರುವುದು ಎಣ್ಣೆ ಎಷ್ಟು ಮಂದ ಎನ್ನುವುದನ್ನು ಹೇಳುತ್ತದೆ, ಎಷ್ಟು ಒಳ್ಳೆಯದು ಎನ್ನುವುದನ್ನಲ್ಲ. ಒಳ್ಳೆಯದೋ ಅಲ್ಲವೋ ಎನ್ನುವುದು ಎಪಿಐ ಸಿಎಚ್-4, ಸಿಐ-4 ಎನ್ನುವ ಅಕ್ಷರಗಳಲ್ಲಿದೆ. ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆ ಸೋಸುವ ಫಿಲ್ಟರು ಇರುತ್ತದೆ. ಅದಕ್ಕೆ ಬೂದಿ ಕಡಿಮೆ ಬಿಡುವ ಎಣ್ಣೆಯೇ ಬೇಕು, ಅಲ್ಲಿ ಸಿಕ್ಕಿದ್ದನ್ನು ಸುರಿಯಬೇಡಿ. ಆಯಿಲ್ ಫಿಲ್ಟರನ್ನು ಎಣ್ಣೆಯ ಜೊತೆಗೇ ಬದಲಿಸಿ. ಏರ್ ಕ್ಲೀನರ್, ಅವರ್ ಮೀಟರ್, ಪ್ರೆಷರ್ ಗೇಜು ಈ ಮೂರೂ ನೆಟ್ಟಗಿರಬೇಕು. ಒಂದು ಕೆಟ್ಟಿದ್ದರೂ ತಳ್ಳುವ ಯೋಚನೆ ಬಿಡಿ.

ಆಮೇಲೆ ಒಂದೇ ಸಲ 400ಕ್ಕೆ ಹಾರಬೇಡಿ. 250 ಆದದ್ದನ್ನು 275 ಮಾಡಿ. ಆ ಹೊತ್ತಿಗೆ ಸ್ಯಾಂಪಲ್ ತೆಗೆದು ಪರೀಕ್ಷೆಗೆ ಕೊಡಿ. ಇಂಜಿನ್ ಬಿಸಿ ಇರುವಾಗ, ಡ್ರೈನ್ ಬೋಲ್ಟಿನಿಂದ ಮೊದಲು ಬರುವ ಕೆಸರನ್ನು ಬಿಟ್ಟು, ನಡುವಿನ ಧಾರೆಯನ್ನು ಒಣಗಿದ ಶುದ್ಧ ಬಾಟಲಿಯಲ್ಲಿ ಹಿಡಿಯಬೇಕು. ಕೈ ಸುಟ್ಟುಕೊಳ್ಳಬೇಡಿ. ವರದಿಯಲ್ಲಿ ಕಬ್ಬಿಣ ಏರಿದ್ದರೆ ಲೈನರು, ಕ್ರ್ಯಾಂಕು ಸವೆಯುತ್ತಿದೆ. ಸೀಸ, ತಾಮ್ರ ಏರಿದ್ದರೆ ಬೇರಿಂಗು. ಸಿಲಿಕಾನ್ ಎಂದರೆ ಬಹುಮಟ್ಟಿಗೆ ನಮ್ಮ ಹೊಲದ ಮಣ್ಣೇ. ರೈಲ್ವೆಯ ಡೀಸೆಲ್ ಶೆಡ್ಡುಗಳಲ್ಲಿ ಇಂಜಿನ್ ಬಿಚ್ಚದೆ ಒಳಗಿನ ರೋಗ ತಿಳಿಯುವುದು ಹೀಗೇ, ಡಾಕ್ಟರು ರಕ್ತಪರೀಕ್ಷೆ ಮಾಡಿಸಿದ ಹಾಗೆ. ಒಂದು ವರದಿಯಿಂದ ಏನೂ ತಿಳಿಯುವುದಿಲ್ಲ. ಮೂರು ನಾಲ್ಕು ಸಲದ್ದನ್ನು ಪಕ್ಕಪಕ್ಕ ಇಟ್ಟು, ಏರುತ್ತಿದೆಯೇ ಎಂದು ನೋಡಬೇಕು. ಸರಿಯಿದ್ದರೆ 300. ಹದಗೆಟ್ಟರೆ ಹಿಂದಕ್ಕೆ.

ಲ್ಯಾಬಿಗೆ ಕೊಡಲಾಗದವರಿಗೆ ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಇದೆ. ಅದನ್ನು ನಾನು ಮೊದಲು ಕಂಡದ್ದು ಇದೇ ಶಾಲೆಯಲ್ಲಿ, ಎಂಟನೇ ತರಗತಿಯಲ್ಲಿ. ಆಗ ನಾವೆಲ್ಲ ಶಾಯಿ ಪೆನ್ನಿನವರು, ಜೇಬಿನಲ್ಲಿ ಬ್ಲಾಟಿಂಗ್ ಪೇಪರ್. ವಿಜ್ಞಾನದ ಮೇಷ್ಟ್ರು ಅದರ ಮೇಲೆ ಒಂದು ಚುಕ್ಕೆ ಶಾಯಿ ಹಾಕಿ, ತುದಿಯನ್ನು ನೀರಿಗೆ ತಾಗಿಸಿದರು. ಒಂದೇ ಬಣ್ಣ ಎಂದುಕೊಂಡಿದ್ದ ಕಪ್ಪು ಶಾಯಿ ನೀಲಿ, ನೇರಳೆ ಎಂದು ಬಿಡಿಬಿಡಿಯಾಗಿ ಹರಡಿತು. ಹದಿಮೂರು ವರ್ಷದ ಮೇಲೆ ಕಾರ್ಯಾಗಾರದಲ್ಲಿ ಹಿರಿಯ ಮೇಸ್ತ್ರಿಯೊಬ್ಬರು ಗೇಜಿನ ಕಡ್ಡಿಯಿಂದ ಒಂದು ಹನಿ ಎಣ್ಣೆಯನ್ನು ಅದೇ ಥರದ ಕಾಗದದ ಮೇಲೆ ಬೀಳಿಸಿದಾಗ, ಅವರು ವಿವರಿಸುವ ಮೊದಲೇ ನನಗೆ ಅರ್ಥವಾಯಿತು.

ಮಾಡುವುದು ಸುಲಭ. ಓಡಿ ಬಂದ ಇಂಜಿನ್ನಿನ ಕಡ್ಡಿಯಿಂದ ಒಂದೇ ಹನಿ. ಕಾಗದದ ಅಡಿಭಾಗ ಯಾವುದಕ್ಕೂ ತಾಗದ ಹಾಗೆ ಲೋಟದ ಬಾಯಿಯ ಮೇಲೆ ಇಟ್ಟು ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಮಸಿ ನಡುವಿನಿಂದ ಅಂಚಿನವರೆಗೆ ಸಮನಾಗಿ, ನಿಧಾನವಾಗಿ ತಿಳಿಯಾಗುತ್ತ ಹರಡಿದ್ದರೆ ಎಣ್ಣೆಗೆ ಇನ್ನೂ ಮಸಿಯನ್ನು ತೇಲಿಸುವ ಶಕ್ತಿ ಇದೆ. ನಡುವೆ ದಟ್ಟ ಕಪ್ಪು ಬೊಟ್ಟು, ಅದರ ಸುತ್ತ ಗೆರೆ ಎಳೆದಂತೆ ಅಂಚು, ಆಚೆಗೆ ಬರೀ ಎಣ್ಣೆಯ ಜಿಡ್ಡು ಇದ್ದರೆ ಮಸಿ ಗಡ್ಡೆ ಕಟ್ಟುತ್ತಿದೆ, ಅವತ್ತೇ ಬದಲಿಸಿ. ಹೊಸ ಎಣ್ಣೆ ಹಾಕಿದ ದಿನ ಒಂದು ಹನಿ, ಆಮೇಲೆ 50 ಗಂಟೆಗೊಂದು ಹನಿ, ಪಕ್ಕದಲ್ಲಿ ತಾರೀಖು ಬರೆದಿಟ್ಟರೆ ನಿಮ್ಮ ಇಂಜಿನ್ನಿನ ಪ್ರೋಗ್ರೆಸ್ ಕಾರ್ಡು ತಯಾರಾಯಿತು. ಒಂದು ಎಚ್ಚರಿಕೆ. ಈ ಪರೀಕ್ಷೆ ಮಸಿಯನ್ನು ಹೇಳುತ್ತದೆ, ಲೋಹದ ಸವೆತವನ್ನು, ಆಮ್ಲವನ್ನು ಹೇಳುವುದಿಲ್ಲ. ಕಾಗದ ಚೆನ್ನಾಗಿದೆ ಎಂದು ಪುಸ್ತಕದ ಅಂಕಿ ದಾಟಬೇಡಿ. ಕಾಗದ ಕೆಟ್ಟಿದೆ ಎಂದರೆ ಅಂಕಿಗೆ ಕಾಯದೆ ಬದಲಿಸಿ. ಅಷ್ಟಕ್ಕೆ ಮಾತ್ರ ನಂಬಿ.

ತೆಗೆದ ಹಳೆಯ ಎಣ್ಣೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಊಟದ ಹೊತ್ತಾಯಿತು. ಅದನ್ನು ಚರಂಡಿಗೆ, ಕೆರೆ ಕಾಲುವೆಗೆ ಸುರಿಯಬೇಡಿ. ಉಣ್ಣೆ ಹೋಗಲಿ ಎಂದು ದನದ ಮೈಗೆ ಬಳಿಯುವವರಿದ್ದಾರೆ, ದನ ಮೈ ನೆಕ್ಕುತ್ತದೆ ಎನ್ನುವುದನ್ನು ಮರೆಯುತ್ತಾರೆ. ಕಾನೂನಿನ ಲೆಕ್ಕದಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಡಬ್ಬದಲ್ಲಿ ತುಂಬಿ, ಸಂಗ್ರಹಿಸಲು ಬರುವ ಪರವಾನಗಿ ಇರುವವರಿಗೆ ಕೊಡುವ ಗ್ಯಾರೇಜಿಗೆ ಮುಟ್ಟಿಸಿ. ಖಾಲಿಯಾದ ಎಣ್ಣೆ ಡಬ್ಬವನ್ನು ಹರಿದು ಬಿಸಾಡಿ. ಇಲ್ಲದಿದ್ದರೆ ಅದೇ ಡಬ್ಬ ಹಳೆಯ ಎಣ್ಣೆ ತುಂಬಿಕೊಂಡು ಹೊಸ ಸೀಲಿನಲ್ಲಿ ನಿಮ್ಮ ಅಂಗಡಿಗೇ ವಾಪಸ್ಸು ಬರಬಹುದು.

ಅಣ್ಣ ಆ ಟ್ರ್ಯಾಕ್ಟರನ್ನು ಆಮೇಲೆ ಹದಿನಾಲ್ಕು ವರ್ಷ ಓಡಿಸಿದರು. ಪ್ರತಿ 250 ಗಂಟೆಗೆ ಎಣ್ಣೆ ಬದಲಿಸಿ, ಮಗನ ಹಳೇ ನೋಟ್‌ಬುಕ್ಕಿನಲ್ಲಿ ತಾರೀಖು ಬರೆದಿಡುತ್ತಿದ್ದರು. ನಾನು ಊರಿಗೆ ಬಂದಾಗಲೆಲ್ಲ ಆ ನೋಟ್‌ಬುಕ್ಕನ್ನು ನನ್ನ ಮುಂದೆ ಇಡುತ್ತಿದ್ದರು, ಮಾತಿಲ್ಲದೆ. ಮಾರುವ ದಿನ ಕೊಂಡವನ ಕೈಗೆ ಕೀಲಿಯ ಜೊತೆ ಅದನ್ನೂ ಕೊಟ್ಟರು.

ಊಟ ಮುಗಿಸಿ ಶಾಲೆಯ ಹಿಂದಿನ ಬೇವಿನ ಮರದ ಹತ್ತಿರ ನಿಮ್ಮ ನಿಮ್ಮ ಗಾಡಿ ತನ್ನಿ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ ಹತ್ತು ನಿಮಿಷ ಬಿಡಿ. ನಾನು ಇನ್ನೂರು ತುಂಡು ಕಾಗದ ಕತ್ತರಿಸಿಕೊಂಡು ಬಂದಿದ್ದೇನೆ. ಒಂಬತ್ತನೇ ತರಗತಿಯ ಮಕ್ಕಳು ಪ್ರತಿ ಕಾಗದದ ಮೇಲೆ ಗಾಡಿಯ ನಂಬರು, ಮೀಟರಿನ ಅಂಕಿ ಬರೆದುಕೊಳ್ಳುತ್ತಾರೆ. ಫಲಿತಾಂಶ ನಾಳೆ ಬೆಳಿಗ್ಗೆ ಎಂಟು ಗಂಟೆಗೆ, ನೋಟಿಸ್ ಬೋರ್ಡಿನಲ್ಲಿ.